ಇಪ್ಪತ್ತೆಂಟು ಮಾತ್ರೆಗಳ ಶೀಟು: ಗರ್ಭನಿರೋಧಕ ಮಾತ್ರೆ ಹೊಸದಾಗಿ ಶುರುಮಾಡುವವರಿಗೆ

ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಕೊಡುವ ಮಾಲಾ-ಎನ್ ಶೀಟು ಸಿಕ್ಕರೆ ಮೊದಲು ಅದರ ಮಾತ್ರೆಗಳನ್ನು ಎಣಿಸಿ ನೋಡಿ. ಒಟ್ಟು 28 ಇರುತ್ತವೆ. 21 ಬಿಳಿ, 7 ಕಂದು. ಬಿಳಿಯವು ಔಷಧದ ಮಾತ್ರೆಗಳು. ಕಂದು ಮಾತ್ರೆಯಲ್ಲಿರುವುದು ಬರೀ ಕಬ್ಬಿಣಾಂಶ, ಗರ್ಭ ತಡೆಯುವ ಕೆಲಸ ಅದರದಲ್ಲ. ಪ್ರತಿ ಬಿಳಿ ಮಾತ್ರೆಯಲ್ಲೂ ಎರಡು ಹಾರ್ಮೋನುಗಳಿವೆ: ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಈಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ. ಮೊದಲನೆಯದು ಪ್ರೊಜೆಸ್ಟಿನ್ ಗುಂಪಿನದು, ಎರಡನೆಯದು ಈಸ್ಟ್ರೋಜನ್. ಹೀಗೆ ಎರಡನ್ನೂ ಸೇರಿಸಿ ಮಾಡಿದ್ದರಿಂದ ಇದು ಸಂಯುಕ್ತ ಗರ್ಭನಿರೋಧಕ ಮಾತ್ರೆ. ಕಡಿಮೆ ಬೆಲೆಗೆ ಮಾರುವ ಮಾಲಾ-ಡಿ ಕೂಡ ಇದೇ. ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ರಲ್-ಎಲ್‌ನಲ್ಲೂ ಈ ಎರಡೇ ಹಾರ್ಮೋನುಗಳು ಇದೇ ಪ್ರಮಾಣದಲ್ಲಿವೆ. ನೊವೆಲಾನ್, ಫೆಮಿಲಾನ್, ಯಾಸ್ಮಿನ್ ಮುಂತಾದವುಗಳಲ್ಲಿ ಪ್ರೊಜೆಸ್ಟಿನ್ ಬೇರೆ, ಈಸ್ಟ್ರೋಜನ್ ಪ್ರಮಾಣದಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ನುಂಗುವ ಕ್ರಮ ಮಾತ್ರ ಬಹುಮಟ್ಟಿಗೆ ಒಂದೇ.

ಈ ಶೀಟು ಸಿಗುವುದು ಕಷ್ಟವಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮನೆಗೇ ತಂದುಕೊಡುತ್ತಾರೆ. ಕಷ್ಟವಾಗುವುದು ಅದರ ಜೊತೆ ಸಿಗಬೇಕಾದ ಮಾತು. ಈ ಮಾತ್ರೆ ನಿಮಗೆ ಹೊಂದುತ್ತದೆಯೇ, ಒಂದು ದಿನ ಮರೆತರೆ ಏನು ಮಾಡಬೇಕು, ಯಾವ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ಯಾರಾದರೂ ಕೂತು ಹೇಳಬೇಕು. ಆ ಮಾತು ಸೇರಿದಾಗಲೇ ಮಾತ್ರೆ ಪೂರ್ತಿ ಸುರಕ್ಷಿತವಾಗುವುದು ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕಾಗಿಯೇ ಈ ಬರಹ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಹೆಂಗಸರ ಕೈಗೆ ಬರುವ ನಾಲ್ಕು ಬಗೆಯ ಮಾತ್ರೆಗಳು ಒಂದಕ್ಕೊಂದು ಬೆರೆತುಹೋಗಿವೆ. ಒಂದು, ದಿನಾ ನುಂಗುವ ಈ ಸಂಯುಕ್ತ ಮಾತ್ರೆ. ಎರಡನೆಯದು ಛಾಯಾ. ಅಂಗಡಿಯಲ್ಲಿ ಸಹೇಲಿ ಎಂದು ಸಿಗುವುದೂ ಅದೇ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಈ ಔಷಧದಲ್ಲಿ ಹಾರ್ಮೋನು ಇಲ್ಲ. ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಅದರ ಕ್ರಮವೇ ಬೇರೆ, ಆದ್ದರಿಂದ ಇಲ್ಲಿ ಹೇಳುವ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಮೂರನೆಯದು ತುರ್ತು ಮಾತ್ರೆ. ರಕ್ಷಣೆಯಿಲ್ಲದೆ ಕೂಡಿದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಎಂದು ನುಂಗುವಂಥದ್ದು. ಅದು ಆಪತ್ತಿಗೆ ಮಾತ್ರ, ತಿಂಗಳು ತಿಂಗಳೂ ಅದನ್ನೇ ನಂಬಿ ಕೂರುವಂತಿಲ್ಲ. ನಾಲ್ಕನೆಯದು ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೆ ಹೋಗಲಿ ಎಂದು ಅಂಗಡಿಯಿಂದ ತರಿಸಿ ನುಂಗುವ ಮಾತ್ರೆ. ಅದು ಸಾಮಾನ್ಯವಾಗಿ ನಾರ್‌ಎಥಿಸ್ಟೆರಾನ್. ಮುಟ್ಟು ಮುಂದೂಡುವ ಪ್ರಮಾಣದಲ್ಲಿ ಅದನ್ನು ನಾಲ್ಕು ದಿನ ನುಂಗಿದ ಮಾತ್ರಕ್ಕೆ ಗರ್ಭದಿಂದ ರಕ್ಷಣೆ ಸಿಕ್ಕಿತು ಎಂದುಕೊಳ್ಳಬಾರದು.

ಈಗ ಮಾತ್ರೆ ದೇಹದೊಳಗೆ ಏನು ಮಾಡುತ್ತದೆ ನೋಡೋಣ. ಪ್ರತಿ ತಿಂಗಳು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನು ಕಳಿಸಿ ಅಂಡಾಶಯವನ್ನು ಎಚ್ಚರಿಸುತ್ತದೆ. ಅಲ್ಲಿ ಅಂಡಾಣುವೊಂದು ಬಲಿತು ಹೊರಬರುತ್ತದೆ. ರಕ್ತದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸಾಕಷ್ಟಿದ್ದಾಗ ಆ ಗ್ರಂಥಿ ತನ್ನ ಕರೆಯನ್ನು ನಿಲ್ಲಿಸುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕು ತುಂಬಿದಾಗ ಒಳಗಿನ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದಲ್ಲ, ಹಾಗೆ. ದಿನಾ ಒಂದು ಮಾತ್ರೆ ನುಂಗುವುದೆಂದರೆ ಆ ಮಟ್ಟ ಇಳಿಯದಂತೆ ನೋಡಿಕೊಳ್ಳುವುದು. ಅಂಡಾಣು ಹೊರಬರುವುದಿಲ್ಲ, ಹಾಗಾಗಿ ಗರ್ಭ ಕಟ್ಟುವುದಿಲ್ಲ. ಜೊತೆಗೆ ಗರ್ಭಕೋಶದ ಬಾಯಿಯ ಲೋಳೆ ದಪ್ಪವಾಗಿ ವೀರ್ಯಾಣು ಒಳಗೆ ಸಾಗುವುದು ಕಷ್ಟವಾಗುತ್ತದೆ, ಗರ್ಭಕೋಶದ ಒಳಪದರವೂ ತೆಳ್ಳಗಾಗುತ್ತದೆ. ಬಿಳಿ ಮಾತ್ರೆ ಮುಗಿದು ಕಂದು ಮಾತ್ರೆಯ ವಾರ ಬಂದಾಗ ಹಾರ್ಮೋನಿನ ಮಟ್ಟ ಇಳಿದು ಆ ತೆಳು ಪದರ ಕಳಚುತ್ತದೆ. ಆಗ ಮುಟ್ಟಿನಂತೆ ರಕ್ತ ಹೋಗುತ್ತದೆ, ಆದರೆ ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ. "ರಕ್ತ ಕಡಿಮೆ ಹೋಗ್ತಿದೆ, ಒಳಗೆ ಕೆಟ್ಟ ರಕ್ತ ಸೇರಿಕೊಳ್ತಿದೆಯಾ?" ಎಂದು ಬಹಳ ಮಂದಿ ಹೆದರುತ್ತಾರೆ. ಇಲ್ಲ. ಪದರ ಬೆಳೆದದ್ದೇ ಕಡಿಮೆ, ಹೋಗುವುದೂ ಕಡಿಮೆ. ರಕ್ತಹೀನತೆ ಇರುವ ಹೆಣ್ಣಿಗೆ ಇದು ಲಾಭವೇ.

ಈ ಮಾತ್ರೆ ಬಂದ ದಾರಿಯನ್ನೂ ಸ್ವಲ್ಪ ನೋಡೋಣ. ಇಂಥ ಮೊದಲ ಮಾತ್ರೆ ಎನೋವಿಡ್‌ಗೆ ಗರ್ಭನಿರೋಧಕವಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಅದರ ಹಿಂದಿನ ವಿಜ್ಞಾನಿಗಳು. ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಆ ಇಬ್ಬರನ್ನು ಈ ಕೆಲಸಕ್ಕೆ ಹಚ್ಚಿದರು, ಕ್ಯಾಥರೀನ್ ಮೆಕಾರ್ಮಿಕ್ ಹಣ ಕೊಟ್ಟರು. 1956ರಲ್ಲಿ ಅದರ ದೊಡ್ಡ ಪ್ರಯೋಗ ಶುರುವಾದದ್ದು ಪೋರ್ಟೊ ರಿಕೊದ ಬಡ ಹೆಂಗಸರ ಮೇಲೆ. ಅವರಿಗೆ ಪೂರ್ತಿ ವಿಷಯ ಹೇಳಿರಲಿಲ್ಲ. ಆ ಮಾತ್ರೆಯಲ್ಲಿ ಈಸ್ಟ್ರೋಜನ್ ಜಾತಿಯ ಹಾರ್ಮೋನು 150 ಮೈಕ್ರೋಗ್ರಾಂ ಇತ್ತು, ಇಂದಿನವುಗಳಲ್ಲಿ ಇರುವುದು ಹೆಚ್ಚಾಗಿ 30 ಅಥವಾ 20. ರಕ್ತ ಹೆಪ್ಪುಗಟ್ಟಿ ಕೆಲವರು ಸತ್ತ ಸುದ್ದಿ ಬರತೊಡಗಿದ ಮೇಲೆ 1970ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಮಾತ್ರೆ ನುಂಗುವ ಹೆಂಗಸರನ್ನೇ ಸಾಕ್ಷಿಗೆ ಕರೆದಿಲ್ಲವಲ್ಲ ಎಂದು ಸಭಾಂಗಣದಲ್ಲಿ ಕುಳಿತಿದ್ದ ಮಹಿಳೆಯರು ಎದ್ದು ನಿಂತು ಕೇಳಿದರು. ಮಾತ್ರೆಯ ಜೊತೆಗೆ ಅಪಾಯಗಳನ್ನು ತಿಳಿಸುವ ಚೀಟಿ ಇರಲೇಬೇಕೆಂಬ ನಿಯಮ ಬಂದದ್ದು ಅದರ ಬೆನ್ನಲ್ಲೇ. ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯನ್ನು ಎಸೆಯುವ ಮೊದಲು ಇಷ್ಟನ್ನು ನೆನೆಯಬೇಕು: ಅದನ್ನು ಹೆಣ್ಣುಮಕ್ಕಳು ಕೇಳಿ ಪಡೆದಿದ್ದಾರೆ. ನಮ್ಮ ನಾಡಿಗೂ ಈ ವಿಷಯ ಹೊಸದಲ್ಲ. ಮಾತ್ರೆ ಹುಟ್ಟುವುದಕ್ಕೆ ಎಷ್ಟೋ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು.

ಇನ್ನು ಮುಖ್ಯ ವಿಷಯ. ಬಹುಪಾಲು ಆರೋಗ್ಯವಂತ ಹೆಂಗಸರಿಗೆ ಈ ಮಾತ್ರೆ ಸುರಕ್ಷಿತ. ಆದರೆ ಕೆಲವರಿಗೆ ಅಲ್ಲ. ಅವರನ್ನು ಗುರುತಿಸಲು ದೊಡ್ಡ ಸ್ಕ್ಯಾನಿಂಗ್ ಏನೂ ಬೇಕಿಲ್ಲ. ಬಿ.ಪಿ. ನೋಡುವ ಯಂತ್ರವೊಂದು, ಕೇಳುವ ಬಾಯಿ ಒಂದು, ಮುಚ್ಚಿಡದೆ ಉತ್ತರಿಸುವ ಮನಸ್ಸೊಂದು ಇದ್ದರೆ ಸಾಕು.

ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೊಂಚ ಹೆಚ್ಚಿಸುತ್ತದೆ. ಕಾಲಿನ ಆಳದ ರಕ್ತನಾಳದಲ್ಲಿ ಗೆಡ್ಡೆ ಕಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಎಷ್ಟು ಮಂದಿಗೆ ಹೀಗಾಗುತ್ತದೆ? ಮಾತ್ರೆ ನುಂಗದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ನುಂಗುವ 10,000 ಮಂದಿಯಲ್ಲಿ 5ರಿಂದ 7. ಯಾಸ್ಮಿನ್‌ನಲ್ಲಿರುವಂಥ ಡ್ರೊಸ್ಪಿರಿನೋನ್ ಆದರೆ 9ರಿಂದ 12. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಈ ಅಪಾಯ ಇದಕ್ಕಿಂತಲೂ ಹೆಚ್ಚು. ಅಂದರೆ ಅಪಾಯ ನಿಜ, ಆದರೆ ಬಲು ಅಪರೂಪ. ಹಳೆಯ, ಅಗ್ಗದ, ಸರ್ಕಾರಿ ಮಾತ್ರೆಯಲ್ಲೇ ಈ ಅಪಾಯ ಕಡಿಮೆ ಎಂಬುದನ್ನು ಗಮನಿಸಿ. ಬೆಲೆ ಹೆಚ್ಚಿದ್ದರೆ ಔಷಧ ಉತ್ತಮ ಎಂಬ ನಂಬಿಕೆಗೆ ಇಲ್ಲಿ ಜಾಗವಿಲ್ಲ.

ಈ ಅಪರೂಪದ ಅಪಾಯ ಯಾರಲ್ಲಿ ಹೆಚ್ಚುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಲಕ್ವ ಅಥವಾ ಹೃದಯಾಘಾತ ಆದವರು ಈ ಮಾತ್ರೆ ಮುಟ್ಟಲೇಬಾರದು. ಬಿ.ಪಿ. 140/90 ದಾಟಿದ್ದರೆ ಬೇರೆ ವಿಧಾನವೇ ವಾಸಿ, 160/100 ದಾಟಿದ್ದರೆ ಸಂಯುಕ್ತ ಮಾತ್ರೆಯ ಮಾತೇ ಬೇಡ. 35 ದಾಟಿ ಸಿಗರೇಟೋ ಬೀಡಿಯೋ ಸೇದುವವರಿಗೂ ಇದು ಬೇಡ. ಸ್ತನ ಕ್ಯಾನ್ಸರ್ ಇರುವವರಿಗೆ, ಯಕೃತ್ತಿನ ಗಂಭೀರ ಕಾಯಿಲೆ ಅಥವಾ ಸದ್ಯ ಕಾಮಾಲೆ ಇರುವವರಿಗೆ, ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಕಣ್ಣು, ಕಿಡ್ನಿ, ನರ ಹಾಳಾದವರಿಗೆ ಇದು ಸಲ್ಲದು. ದೊಡ್ಡ ಆಪರೇಶನ್ ಆಗಿ ಬಹಳ ದಿನ ಹಾಸಿಗೆ ಹಿಡಿಯುವ ಸಂದರ್ಭ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಕಾರಣ ಗೊತ್ತಾಗದೆ ಮುಟ್ಟಿನ ನಡುವೆ ರಕ್ತ ಹೋಗುತ್ತಿದ್ದರೆ ಮೊದಲು ಅದಕ್ಕೆ ಪರೀಕ್ಷೆ ಆಗಬೇಕು.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಸರಿಯಾಗಿ ಕೇಳುವುದಿಲ್ಲ, ಅದನ್ನು ಬಿಡಿಸಿ ಹೇಳಬೇಕು. ಅರೆತಲೆನೋವು, ಅಂದರೆ ಮೈಗ್ರೇನ್ ಇದೆಯೇ? ಇದ್ದರೆ ಅದು ಹೇಗೆ ಶುರುವಾಗುತ್ತದೆ? ನೋವು ಬರುವ ಮೊದಲು ಕಣ್ಣೆದುರು ಅಂಕುಡೊಂಕು ಗೆರೆಗಳು ಮಿಂಚುವುದು, ಬೆಳಕಿನ ಚುಕ್ಕೆಗಳು ಕಾಣುವುದು, ನೋಟದ ಒಂದು ಭಾಗ ಮಸುಕಾಗುವುದು, ಕೈಯ ಅಥವಾ ಮುಖದ ಒಂದು ಬದಿ ಜುಮುಗುಡುವುದು ಉಂಟೇ? ಇದಕ್ಕೆ ವೈದ್ಯರು 'ಆರಾ' ಎನ್ನುತ್ತಾರೆ. ಆರಾ ಇರುವ ಮೈಗ್ರೇನಿನವರು ಈ ಮಾತ್ರೆ ನುಂಗಿದರೆ ಲಕ್ವ ಹೊಡೆಯುವ ಅಪಾಯ ಹೆಚ್ಚುತ್ತದೆ, ವಯಸ್ಸು ಎಷ್ಟೇ ಚಿಕ್ಕದಿರಲಿ. ನಮ್ಮಲ್ಲಿ ಹೆಂಗಸರ ತಲೆನೋವನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅವರೂ ಹೇಳಿಕೊಳ್ಳುವುದಿಲ್ಲ, ಹಣೆಗೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಾರೆ. ಯಾರೂ ಕೇಳದಿದ್ದರೂ ಇದನ್ನು ನೀವೇ ಬಾಯಿಬಿಟ್ಟು ಹೇಳಿ.

ಇನ್ನು ಬಾಣಂತಿಯರ ವಿಷಯ. ಹಾಲೂಡಿಸುವ ತಾಯಿ ಮೊದಲ ಆರು ವಾರ ಈ ಮಾತ್ರೆ ತೆಗೆದುಕೊಳ್ಳಲೇಬಾರದು, ಆರು ತಿಂಗಳು ತುಂಬುವವರೆಗೂ ತಡೆದರೆ ಒಳ್ಳೆಯದು. ರಕ್ತ ಹೆಪ್ಪುಗಟ್ಟುವ ಭಯ ಒಂದು, ಹಾಲು ಕಡಿಮೆಯಾಗಬಹುದೆಂಬುದು ಇನ್ನೊಂದು. ಹಾಗೆಂದು ಅಲ್ಲಿಯವರೆಗೆ ಏನೂ ಇಲ್ಲದೆ ಇರಬೇಕಿಲ್ಲ. ಕಾಪರ್-ಟಿ ಇದೆ, ಛಾಯಾ ಇದೆ, ಆರು ವಾರದ ನಂತರ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಇದೆ, ನಿರೋಧ್ ಇದ್ದೇ ಇದೆ. ತವರಿನಿಂದ ಗಂಡನ ಮನೆಗೆ ಮರಳುವ ಮೊದಲೇ ಸಿಸ್ಟರ್ ಜೊತೆ ಇದನ್ನು ಮಾತಾಡಿ ತೀರ್ಮಾನಿಸಿಕೊಂಡರೆ ಎಷ್ಟೋ ಆತಂಕ ತಪ್ಪುತ್ತದೆ. ಹಾಲೂಡಿಸದ ತಾಯಿಯಾದರೆ, ಬೇರೆ ತೊಂದರೆಗಳಿಲ್ಲದಿದ್ದಲ್ಲಿ, ಮೂರು ವಾರದ ನಂತರ ಶುರುಮಾಡಬಹುದು. ಗರ್ಭಪಾತವಾದವರು ಕೂಡಲೇ ಶುರುಮಾಡಬಹುದು.

ಹೊಂದುತ್ತದೆ ಎಂದಾಯಿತು. ಶುರುಮಾಡುವುದು ಹೇಗೆ? ಮುಟ್ಟಾದ ಮೊದಲ ದಿನದಿಂದ ಐದನೆಯ ದಿನದೊಳಗೆ ಮೊದಲ ಬಿಳಿ ಮಾತ್ರೆ ನುಂಗಿದರೆ ಅಂದಿನಿಂದಲೇ ರಕ್ಷಣೆ. ಗರ್ಭಿಣಿ ಅಲ್ಲವೆಂದು ಖಚಿತವಿದ್ದರೆ ಬೇರೆ ಯಾವ ದಿನವೂ ಶುರುಮಾಡಬಹುದು, ಆದರೆ ಆಗ ಮೊದಲ ಏಳು ದಿನ ನಿರೋಧ್ ಬಳಸಬೇಕು. ಬಾಣದ ಗುರುತು ಹಿಡಿದು ದಿನಕ್ಕೊಂದರಂತೆ, ಸರಿಸುಮಾರು ಒಂದೇ ಹೊತ್ತಿಗೆ ನುಂಗಿ. ರಾತ್ರಿ ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ, ಮರೆಯುವುದೂ ಕಡಿಮೆ. 21 ಬಿಳಿ ಮುಗಿದ ಮೇಲೆ 7 ಕಂದು. ಕೊನೆಯ ಕಂದು ಮಾತ್ರೆಯ ಮರುದಿನವೇ ಹೊಸ ಶೀಟಿನ ಮೊದಲ ಬಿಳಿ ಮಾತ್ರೆ. ರಕ್ತ ಇನ್ನೂ ಹೋಗುತ್ತಿರಲಿ, ನಿಂತಿರಲಿ, ಬಂದೇ ಇಲ್ಲದಿರಲಿ, ಆ ದಿನ ಬದಲಾಗುವುದಿಲ್ಲ. ಕೆಲವು ಕಂಪನಿಗಳ ಶೀಟಿನಲ್ಲಿ ಬರೀ 21 ಇರುತ್ತವೆ. ಅವನ್ನು ಮುಗಿಸಿ ಏಳು ದಿನ ಬಿಟ್ಟು ಎಂಟನೆಯ ದಿನ ಹೊಸ ಶೀಟು ಶುರುಮಾಡಬೇಕು. ಮನೆಯಲ್ಲಿ ಯಾವಾಗಲೂ ಒಂದು ಶೀಟು ಹೆಚ್ಚಿಗೆ ಇರಲಿ. ಜಾತ್ರೆಗೋ ತವರಿಗೋ ಹೊರಟಾಗ ಬ್ಯಾಗಿನಲ್ಲಿ ಮೊದಲು ಇಡಬೇಕಾದದ್ದು ಇದು.

ಒಂದು ದಿನವೂ ತಪ್ಪದೆ, ಕ್ರಮವಾಗಿ ನುಂಗಿದರೆ ವರ್ಷಕ್ಕೆ 1,000 ಹೆಂಗಸರಲ್ಲಿ ಸುಮಾರು 3 ಮಂದಿ ಮಾತ್ರ ಗರ್ಭಿಣಿಯಾಗುತ್ತಾರೆ. ಆದರೆ ನಿಜ ಜೀವನದಲ್ಲಿ, ಮರೆತು, ತಡವಾಗಿ, ಶೀಟು ತೀರಿಹೋಗಿ ನುಂಗುವ ರೀತಿಯಲ್ಲಿ, 100ರಲ್ಲಿ ಸುಮಾರು 7 ಮಂದಿ. ಈ ಎರಡರ ನಡುವಿನ ಅಂತರವೆಲ್ಲ ತಪ್ಪಿಹೋದ ಮಾತ್ರೆಗಳದು. ಆದ್ದರಿಂದ ಮರೆತಾಗ ಏನು ಮಾಡಬೇಕೆಂಬುದನ್ನು ಮಾತ್ರೆ ಶುರುಮಾಡುವ ಮೊದಲೇ ಕಲಿತಿರಬೇಕು. ನಿಧಾನವಾಗಿ ನೋಡೋಣ.

ಒಂದೇ ಒಂದು ಬಿಳಿ ಮಾತ್ರೆ ಮರೆತಿದ್ದರೆ ಗಾಬರಿ ಬೇಡ. ನೆನಪಾದ ಕೂಡಲೇ ಅದನ್ನು ನುಂಗಿ, ಇವತ್ತಿನದನ್ನು ಅದರ ಹೊತ್ತಿಗೆ ನುಂಗಿ. ಒಂದೇ ದಿನ ಎರಡಾದರೂ ತೊಂದರೆಯಿಲ್ಲ, ರಕ್ಷಣೆಯೂ ಹೋಗುವುದಿಲ್ಲ.

ಸತತವಾಗಿ ಎರಡು ಅಥವಾ ಅದಕ್ಕಿಂತ ಹೆಚ್ಚು ಬಿಳಿ ಮಾತ್ರೆ ತಪ್ಪಿದ್ದರೆ ಎಚ್ಚರ ಬೇಕು. ತಪ್ಪಿದವುಗಳಲ್ಲಿ ಕೊನೆಯದನ್ನು ಮಾತ್ರ ಈಗಲೇ ನುಂಗಿ, ಹಿಂದಿನವನ್ನು ಬಿಟ್ಟುಬಿಡಿ. ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಿದರೆ ವಾಂತಿಯಾದೀತೇ ಹೊರತು ಪ್ರಯೋಜನವಿಲ್ಲ. ಉಳಿದದ್ದನ್ನು ಎಂದಿನಂತೆ ಮುಂದುವರಿಸಿ, ಮುಂದಿನ ಏಳು ದಿನ ಬಿಳಿ ಮಾತ್ರೆ ಸತತವಾಗಿ ಹೊಟ್ಟೆಗೆ ಹೋಗುವ ತನಕ ನಿರೋಧ್ ಬಳಸಿ ಅಥವಾ ದೂರವಿರಿ. ಏಳೇ ದಿನ ಏಕೆಂದರೆ ಎಚ್ಚರಗೊಳ್ಳುತ್ತಿರುವ ಅಂಡಾಶಯವನ್ನು ಮತ್ತೆ ಸುಮ್ಮನಾಗಿಸಲು ಅಷ್ಟು ಮಾತ್ರೆ ಬೇಕು.

ತಪ್ಪಿದ್ದು ಯಾವ ವಾರದಲ್ಲಿ ಎಂಬುದೂ ಮುಖ್ಯ. ಕಂದು ಮಾತ್ರೆಯ ವಾರದಲ್ಲಿ ಏಳು ದಿನ ಹಾರ್ಮೋನಿರುವುದಿಲ್ಲ. ದೇಹ ಅಷ್ಟನ್ನು ತಡೆದುಕೊಳ್ಳುತ್ತದೆ, ಎಂಟು, ಒಂಬತ್ತು, ಹತ್ತು ದಿನವಾದರೆ ಅಂಡಾಣು ಹೊರಬರುವ ಸಾಧ್ಯತೆ ಏರುತ್ತದೆ. ಹೊಸ ಶೀಟು ಶುರುಮಾಡಲು ಎರಡು ದಿನ ತಡವಾಗುವುದು ಎಲ್ಲಕ್ಕಿಂತ ಅಪಾಯದ ಮರೆವು ಎಂದು ಹೇಳುವುದು ಇದಕ್ಕೇ. ಬಹಳ ಮಂದಿ ತದ್ವಿರುದ್ಧ ತಿಳಿದಿದ್ದಾರೆ, ಮುಟ್ಟು ಈಗ ತಾನೇ ಮುಗಿದಿದೆ, ಈಗೇನೂ ಆಗುವುದಿಲ್ಲ ಎಂದು. ಮೊದಲ ವಾರದಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿ, ಹಿಂದಿನ ಐದು ದಿನಗಳಲ್ಲಿ ರಕ್ಷಣೆಯಿಲ್ಲದೆ ಕೂಡಿದ್ದರೆ ತುರ್ತು ಮಾತ್ರೆಯ ಬಗ್ಗೆ ತಡಮಾಡದೆ ಕೇಳಿ. ತಪ್ಪಿದ್ದು ಮೂರನೆಯ ವಾರದಲ್ಲಾದರೆ, ಉಳಿದ ಬಿಳಿ ಮಾತ್ರೆ ಮುಗಿಸಿ, ಕಂದು ಮಾತ್ರೆಗಳನ್ನು ಬಿಟ್ಟು, ಮರುದಿನವೇ ಹೊಸ ಶೀಟು ಶುರುಮಾಡಿ. ಆ ತಿಂಗಳು ಮುಟ್ಟು ಬಾರದಿರಬಹುದು, ಅದರಿಂದ ಕೆಡುಕಿಲ್ಲ. ಕಂದು ಮಾತ್ರೆಯೇ ತಪ್ಪಿದ್ದರೆ ಎಸೆದು ಮುಂದಕ್ಕೆ ಹೋಗಿ. ರಕ್ಷಣೆಗೆ ಏನೂ ಆಗುವುದಿಲ್ಲ, ಸ್ವಲ್ಪ ಕಬ್ಬಿಣಾಂಶ ತಪ್ಪಿತು ಅಷ್ಟೇ.

ಮಾತ್ರೆ ನುಂಗಿ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ವಾಂತಿಭೇದಿ ಎರಡು ದಿನ ದಾಟಿದರೆ ಅಷ್ಟು ಮಾತ್ರೆ ತಪ್ಪಿದಂತೆಯೇ ಲೆಕ್ಕ ಹಿಡಿದು ಮೇಲಿನ ಕ್ರಮವನ್ನೇ ಅನುಸರಿಸಿ. ಬೇರೆ ಔಷಧಗಳ ವಿಷಯದಲ್ಲೂ ಒಂದೆರಡು ತಿಳಿದಿರಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಝೆಪಿನ್, ಫೀನೋಬಾರ್ಬಿಟಾಲ್ ಮುಂತಾದವು ಯಕೃತ್ತಿನಲ್ಲಿ ಈ ಹಾರ್ಮೋನುಗಳನ್ನು ಬೇಗ ಬೇಗ ಒಡೆದುಹಾಕುತ್ತವೆ. ಮಾತ್ರೆ ನುಂಗುತ್ತಿದ್ದರೂ ಗರ್ಭ ಕಟ್ಟಬಹುದು. ಟಿ.ಬಿ. ಚಿಕಿತ್ಸೆಯಲ್ಲಿರುವವರಿಗೆ ಕಾಪರ್-ಟಿಯೋ ಚುಚ್ಚುಮದ್ದೋ ಉತ್ತಮ. ಎಚ್.ಐ.ವಿ.ಯ ಕೆಲವು ಔಷಧಗಳೂ ಹೀಗೇ ಮಾಡಬಲ್ಲವು. ಆದರೆ ಜ್ವರ, ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದ ಮಾತ್ರೆಯ ಶಕ್ತಿ ಕುಂದುವುದಿಲ್ಲ.

ಮೊದಲ ಎರಡು ಮೂರು ತಿಂಗಳು ದೇಹ ಹೊಂದಿಕೊಳ್ಳುವ ಕಾಲ. ಹೊಟ್ಟೆ ತೊಳಸಬಹುದು, ಎದೆ ಬಿಗಿದು ನೋಯಬಹುದು, ಸಣ್ಣಗೆ ತಲೆ ನೋಯಬಹುದು, ನಡುವೆ ರಕ್ತದ ಕಲೆ ಕಾಣಬಹುದು. ಕೆಲವರಿಗೆ ಮನಸ್ಸು ಮಂಕಾಗುತ್ತದೆ. ಹೆಚ್ಚಿನವರಲ್ಲಿ ಇವು ತಾವಾಗಿ ಕಡಿಮೆಯಾಗುತ್ತವೆ. ರಕ್ತದ ಕಲೆ ಕಂಡಿತೆಂದು ನಡುವೆ ಮಾತ್ರೆ ನಿಲ್ಲಿಸಬೇಡಿ. ಮೂರು ತಿಂಗಳಾದರೂ ಕಿರಿಕಿರಿ ಹೋಗದಿದ್ದರೆ ಸಹಿಸಿಕೊಂಡು ಕೂರಬೇಕಾಗಿಲ್ಲ, ಬೇರೆ ಮಾತ್ರೆ ಅಥವಾ ಬೇರೆ ವಿಧಾನ ಕೇಳುವುದು ನಿಮ್ಮ ಹಕ್ಕು.

ಸಹಿಸಲೇಬಾರದ ಲಕ್ಷಣಗಳು ಬೇರೆ. ಒಂದು ಕಾಲಿನ ಮೀನಖಂಡ ಊದಿಕೊಂಡು ವಿಪರೀತ ನೋಯುವುದು. ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಕೆಮ್ಮಿದಾಗ ರಕ್ತ. ಹಿಂದೆಂದೂ ಬಾರದಂಥ ತಲೆನೋವು. ಕಣ್ಣು ಮಂಜಾಗುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು. ಹೊಟ್ಟೆಯಲ್ಲಿ ತೀವ್ರ ನೋವು, ಕಣ್ಣು ಹಳದಿಯಾಗುವುದು. ಇವುಗಳಲ್ಲಿ ಯಾವುದೇ ಬಂದರೂ ಮಾತ್ರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ, "ಗರ್ಭನಿರೋಧಕ ಮಾತ್ರೆ ತಗೋತಿದ್ದೀನಿ" ಎಂದು ಮೊದಲ ಮಾತಿನಲ್ಲೇ ಹೇಳಿ. ಸಂಕೋಚದಿಂದ ಈ ಒಂದು ಮಾತು ಮುಚ್ಚಿಟ್ಟರೆ ವೈದ್ಯರ ಯೋಚನೆ ಬೇರೆ ದಾರಿ ಹಿಡಿದೀತು. ಹಾಗೆಯೇ, ಕಂದು ಮಾತ್ರೆಯ ವಾರದಲ್ಲಿ ಮುಟ್ಟು ಬಾರದಿದ್ದರೆ, ಒಂದೂ ಮಾತ್ರೆ ತಪ್ಪಿಲ್ಲವಾದರೆ ಮುಂದುವರಿಸಬಹುದು. ತಪ್ಪಿದ್ದರೆ, ಅಥವಾ ಸತತ ಎರಡು ತಿಂಗಳು ಬಾರದಿದ್ದರೆ ಮೂತ್ರದ ಕಾರ್ಡ್ ಪರೀಕ್ಷೆ ಮಾಡಿಸಿ. ತಿಳಿಯದೆ ಗರ್ಭಿಣಿಯಾಗಿದ್ದಾಗ ಕೆಲವು ಮಾತ್ರೆ ನುಂಗಿಬಿಟ್ಟಿದ್ದರೆ ಅದರಿಂದ ಮಗುವಿಗೆ ಊನವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಮನೆಯಲ್ಲಿ ಹಿರಿಯರು ಹೇಳುವ ದೊಡ್ಡ ಭಯ ಒಂದಿದೆ: "ಮಾತ್ರೆ ತಿಂದ್ರೆ ಮುಂದೆ ಮಕ್ಕಳಾಗಲ್ಲ." ಇದು ನಿಜವಲ್ಲ. ನಿಲ್ಲಿಸಿದ ಮೇಲೆ ಅಂಡಾಶಯ ತನ್ನ ಕೆಲಸಕ್ಕೆ ಮರಳುತ್ತದೆ, ಹಲವರಿಗೆ ಒಂದೆರಡು ತಿಂಗಳಲ್ಲೇ. ಎಷ್ಟು ವರ್ಷ ನುಂಗಿದರೂ ಗರ್ಭಧಾರಣೆಯ ಶಕ್ತಿ ಕುಂದುವುದಿಲ್ಲ. ಆದ್ದರಿಂದಲೇ ನಡುನಡುವೆ ಕೆಲವು ತಿಂಗಳು 'ರೆಸ್ಟ್' ಕೊಡಬೇಕೆಂಬ ಮಾತಿಗೂ ಅರ್ಥವಿಲ್ಲ. ಆ ರೆಸ್ಟಿನಲ್ಲಿ ಬೇಡದ ಗರ್ಭ ಕಟ್ಟುವುದೇ ಹೆಚ್ಚು. ದಪ್ಪಗಾಗುವ ಮಾತಿನಲ್ಲೂ ಅಷ್ಟು ಹುರುಳಿಲ್ಲ, ಮಾತ್ರೆಯಿಂದಲೇ ತೂಕ ಗಣನೀಯವಾಗಿ ಏರುತ್ತದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಎರಡೂ ಬದಿ ಹೇಳಬೇಕು. ಮಾತ್ರೆ ನುಂಗುವವರಲ್ಲಿ ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆ, ಆ ರಕ್ಷಣೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ. ಸ್ತನ ಕ್ಯಾನ್ಸರಿನ ಅಪಾಯ ನುಂಗುತ್ತಿರುವಾಗ ತುಸು ಹೆಚ್ಚು, ಐದು ವರ್ಷ ಮೀರಿದರೆ ಗರ್ಭಕೋಶದ ಕಂಠದ ಕ್ಯಾನ್ಸರಿನದೂ ಹೆಚ್ಚು. ನಿಲ್ಲಿಸಿದ ಮೇಲೆ ಇವೆರಡೂ ಕ್ರಮೇಣ ಇಳಿಯುತ್ತವೆ. ತಾಯಿಗೋ ಅಕ್ಕತಂಗಿಯರಿಗೋ ಸ್ತನ ಕ್ಯಾನ್ಸರ್ ಇದ್ದರೆ ವೈದ್ಯರಿಗೆ ಹೇಳಿ ನಿರ್ಧರಿಸಿ.

ಇಂದು ಎಷ್ಟೋ ಹುಡುಗಿಯರಿಗೆ ಈ ಮಾತ್ರೆಯ ಪರಿಚಯವಾಗುವುದು ಗರ್ಭ ತಡೆಯುವ ಕಾರಣಕ್ಕಲ್ಲ. ಪಿ.ಸಿ.ಓ.ಡಿ., ಮುಟ್ಟಿನ ಏರುಪೇರು, ವಿಪರೀತ ಹೊಟ್ಟೆನೋವು, ಮೊಡವೆ ಇವುಗಳಿಗೆ ವೈದ್ಯರು ಬರೆದುಕೊಡುತ್ತಾರೆ. ಶೀಟಿನ ಮೇಲಿನ ಹೆಸರು ಓದಿದ ತಾಯಿ ಹೆದರಿ ಮಾತ್ರೆ ಬಚ್ಚಿಡುತ್ತಾರೆ, ಅಥವಾ ಮಗಳ ಮೇಲೆ ಅನುಮಾನ ಪಡುತ್ತಾರೆ. ಅಮ್ಮಂದಿರಲ್ಲಿ ನನ್ನ ಮಾತು ಇಷ್ಟೇ: ಇಲ್ಲಿ ಇದು ಚಿಕಿತ್ಸೆ, ಮಗಳ ಭವಿಷ್ಯಕ್ಕೆ ಕೆಡುಕಿಲ್ಲ. ಆದರೆ ಬಿ.ಪಿ., ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಚರಿತ್ರೆಯ ಪ್ರಶ್ನೆಗಳು ಇವಳಿಗೂ ಅನ್ವಯಿಸುತ್ತವೆ. ಹದಿನೆಂಟರ ಹುಡುಗಿ ತಾನೇ ಎಂದು ಅವನ್ನು ಬಿಟ್ಟು ಚೀಟಿ ಬರೆದರೆ ಅದು ತಪ್ಪು.

ಈ ಮಾತ್ರೆಗೆ ಮಿತಿಗಳೂ ಇವೆ. ಎಚ್.ಐ.ವಿ. ಮೊದಲಾದ ಲೈಂಗಿಕ ಸೋಂಕುಗಳನ್ನು ಇದು ತಡೆಯುವುದಿಲ್ಲ. ಅದಕ್ಕೆ ನಿರೋಧ್ ಬೇಕು, ಬೇಕಾದರೆ ಎರಡನ್ನೂ ಬಳಸಿ. ಎಷ್ಟೇ ಜಾಗ್ರತೆ ವಹಿಸಿದರೂ ವಿಧಾನ ವಿಫಲವಾಗಬಹುದು. ಹಾಗಾದಾಗ ನಮ್ಮ ದೇಶದ ಕಾನೂನು ನಿಮ್ಮ ಜೊತೆಗಿದೆ: 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಗರ್ಭನಿರೋಧಕ ವಿಫಲವಾಗಿ ಗರ್ಭಿಣಿಯಾದ ಹೆಣ್ಣು, ಮದುವೆಯಾಗಿರಲಿ ಬಿಡಲಿ, 20 ವಾರದೊಳಗೆ ನೋಂದಾಯಿತ ವೈದ್ಯರಲ್ಲಿ ಗರ್ಭಪಾತ ಮಾಡಿಸಿಕೊಳ್ಳಬಹುದು. ಅಂಗಡಿಯಿಂದ ಯಾವುದೋ ಮಾತ್ರೆ ತರಿಸಿ ನುಂಗುವ ಅಗತ್ಯವಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಪರೇಶನ್ ಮಾಡಿಸಿಕೊಂಡವರು, ಮಾತ್ರೆ ನುಂಗುವವರು ಬಲು ಕಡಿಮೆ. ಎರಡು ಮಕ್ಕಳನ್ನು ಬೇಗ ಬೇಗ ಹೆತ್ತು, ಇಪ್ಪತ್ತೈದಕ್ಕೆ ಮೊದಲೇ ಆಪರೇಶನ್ ಟೇಬಲ್ಲಿಗೆ ಹೋಗುವುದೊಂದೇ ದಾರಿ ಎಂದು ಯಾವ ಹೆಣ್ಣೂ ಅಂದುಕೊಳ್ಳಬೇಕಿಲ್ಲ. ಮದುವೆಯಾದ ಹೊಸದರಲ್ಲಿ, ಓದು ಮುಗಿಯುವ ತನಕ, ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷ ಬಿಡುವು ಬೇಕಾದಾಗ, ನಿಮ್ಮ ಕೈಯಲ್ಲೇ ಶುರುಮಾಡಿ ನಿಮ್ಮ ಕೈಯಲ್ಲೇ ನಿಲ್ಲಿಸಬಹುದಾದ ದಾರಿ ಇದು. ನಾಳೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಮೊದಲು ಬಿ.ಪಿ. ನೋಡಿಸಿ, ನಿಮ್ಮ ತಲೆನೋವು, ಹಳೆಯ ಕಾಯಿಲೆ, ನುಂಗುತ್ತಿರುವ ಔಷಧ ಎಲ್ಲವನ್ನೂ ಹೇಳಿ, ಆಮೇಲೆ ಶೀಟು ಕೇಳಿ. ಮೂರು ತಿಂಗಳಾದ ಮೇಲೆ ಮತ್ತೆ ಹೋಗಿ ಬಿ.ಪಿ. ನೋಡಿಸುವುದನ್ನು ಮರೆಯಬೇಡಿ.